ಮೂವತ್ತಾರರ ಮರ್ಯಾದೆ

ಮೂವತ್ತಾರು ಎಂಬ ಸಂಖ್ಯೆಯನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಪಾಪ, ಸಂಖ್ಯೆಯದ್ದೇನೂ ತಪ್ಪಿಲ್ಲ. ಆರಾರ್ಲಿ ಮೂವತ್ತಾರು ಎಂದು ಮಗ್ಗಿಯಲ್ಲಿ ತನ್ನಷ್ಟಕ್ಕೆ ಕೂತಿದ್ದ ಅದನ್ನು ಎಬ್ಬಿಸಿ ತಂದು ಒಬ್ಬಳು ಹುಡುಗಿಯ ದಾರಿಗೆ ಅಡ್ಡ ಮಲಗಿಸಿದವರು ಮನುಷ್ಯರು. ಅದೂ ಕೆಟ್ಟ ಮನುಷ್ಯರಲ್ಲ, ಬಹಳ ಮರ್ಯಾದಸ್ಥರು. ಕೆಟ್ಟವರಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಮರ್ಯಾದಸ್ಥರ ಮೇಲೆ ಬಂದ ಸಿಟ್ಟು ಅಷ್ಟು ಬೇಗ ಇಳಿಯುವುದಿಲ್ಲ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡ ಹೇಳುವುದುಂಟು. ಇರಲಿ. ಗಣಿತ ಕಲಿಸುವವಳಿಗೆ ಸ್ವಲ್ಪ ಕೋಪ ಬೇಕೇ ಬೇಕು. ಎರಡಕ್ಕೆ ಎರಡು ಕೂಡಿಸಿದರೆ ‘ಹೆಚ್ಚುಕಡಿಮೆ ನಾಲ್ಕು, ನೀವು ಹೇಳಿದ ಹಾಗೆ ಆಗಲಿ’ ಎನ್ನುವ ಊರಿನಲ್ಲಿ ಮತ್ತೆ ಹೇಗೆ ಬದುಕುವುದು?

ಈ ಲೆಕ್ಕ ನನಗೆ ಸಿಕ್ಕಿದ್ದು ಬೆಳ್ತಂಗಡಿಯಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ. ನಮ್ಮ ಗಣಿತದ ಸರ್ ಪಾಠ ಬೇಗ ಮುಗಿದ ದಿನ ಬೋರ್ಡಿನ ಮೇಲೆ ಮೂರು ಸಂಖ್ಯೆ ಬರೆದರು: ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತೈದು. “ಇವನ್ನು ಬಿಡಿಸಿ ನೋಡುವ” ಎಂದರು. ಬಿಡಿಸುವುದೆಂದರೆ, ಇನ್ನು ಒಡೆಯಲಾಗದ ಅವಿಭಾಜ್ಯ ಸಂಖ್ಯೆಗಳು ಸಿಗುವವರೆಗೆ ಒಡೆಯುವುದು. ಮೂವತ್ತಮೂರರ ಒಳಗೆ ಮೂರು ಮತ್ತು ಹನ್ನೊಂದು ಇದ್ದವು. ಮೂವತ್ತನಾಲ್ಕರ ಒಳಗೆ ಎರಡು ಮತ್ತು ಹದಿನೇಳು. ಮೂವತ್ತೈದರ ಒಳಗೆ ಐದು ಮತ್ತು ಏಳು. ಸಾಲಾಗಿ ಮೂರು ಮನೆ, ಮೂರರಲ್ಲೂ ಇಬ್ಬರಿಬ್ಬರು.

“ಈಗ ಮೂವತ್ತಾರು ನೋಡಿ” ಎಂದರು ಸರ್. ಎರಡು, ಎರಡು, ಮೂರು, ಮೂರು. ಬಂದವರೇ ಮತ್ತೆ ಬಂದಿದ್ದಾರೆ. ಹಾಗೆ ಯಾರೂ ಎರಡನೇ ಸಲ ಬಾರದ ಸಂಖ್ಯೆಗೆ ವರ್ಗಮುಕ್ತ ಸಂಖ್ಯೆ ಎಂದು ಹೆಸರು. ನಮಗೆ ಹೆಸರು ತಲೆಗೆ ಹೋಗದ್ದನ್ನು ಕಂಡು ಸರ್ ತುಳುವರ ಮನೆಯ ಮಾತಿಗೇ ಇಳಿದರು. ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಬರಿ ಎಂಬುದಿದೆ. ಒಂದೇ ಬರಿಯ ಗಂಡುಹೆಣ್ಣು ಅಣ್ಣತಂಗಿಯ ಲೆಕ್ಕ, ಮದುವೆಯಾಗುವಂತಿಲ್ಲ. “ಮೂವತ್ತಾರರಲ್ಲಿ ಒಂದೇ ಬರಿಯವರನ್ನು ಒಂದೇ ಮಂಟಪದಲ್ಲಿ ಕೂರಿಸಿದ್ದಾರೆ. ಇಂಥ ಮದುವೆಗೆ ನಾವು ಹೋಗುದಿಲ್ಲ” ಎಂದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಮೇಲೆ ಯಾರಿಗೂ ಅದು ಮರೆಯಲಿಲ್ಲ.

ಕೊನೆಗೆ ಅವರು ಹೇಳಿದ್ದು ಇಷ್ಟು: “ಸಾಲಾಗಿ ಬರುವ ವರ್ಗಮುಕ್ತ ಸಂಖ್ಯೆಗಳು, ಎಲ್ಲದರಲ್ಲೂ ಸಮ ಸಮ ಜನ. ಇಂಥ ಸಾಲು ಬೇಕಷ್ಟು ಉಂಟು. ಆದರೆ ಎಷ್ಟು ದೂರ ಹೋದರೂ ಮೂರಕ್ಕಿಂತ ಉದ್ದದ್ದು ಸಿಗುದಿಲ್ಲ. ಯಾಕೆ ಅಂತ ನಾನು ಹೇಳುದಿಲ್ಲ, ನೀವೇ ಹೇಳಿ.” ನನಗೆ ಅದು ಹೊಳೆಯಲು ಕೆಲವು ದಿನ ಬೇಕಾಯಿತು.

ಈಗ ನಾನು ಶಿರ್ತಾಡಿ ಕಡೆಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಬಂಟ್ವಾಳ. ದಿನಾ ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಎರಡು ವರ್ಷದ ಹಿಂದೆ ಹತ್ತನೇ ಕ್ಲಾಸಿಗೆ ಇದೇ ಲೆಕ್ಕವನ್ನು ಬರಿಯ ಮದುವೆಯ ಸಮೇತ ಬೋರ್ಡಿನ ಮೇಲೆ ಬರೆದೆ. ಗಂಟೆ ಹೊಡೆಯುವ ಮೊದಲೇ ಕಿಟಕಿಯ ಬದಿಯ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ನಮ್ಮ ಕರಾವಳಿಯ ಮುಸ್ಲಿಮರು, ಬ್ಯಾರಿಗಳ ಹುಡುಗಿ. ಅಪ್ಪ ಗಲ್ಫಿನಲ್ಲಿ ಯಾರದ್ದೋ ಅಂಗಡಿಯಲ್ಲಿ ಸಾಮಾನು ಎತ್ತಿ ಇಡುವ ಕೆಲಸ, ಇಲ್ಲಿ ಉಮ್ಮ ಮತ್ತು ಮಕ್ಕಳು. ಗಲ್ಫ್ ಎಂದ ಕೂಡಲೇ ಚಿನ್ನದ ಗಟ್ಟಿಯನ್ನು ಕಣ್ಣೆದುರು ತಂದುಕೊಳ್ಳುವವರಿಗೆ ಇಂಥ ಮನೆಗಳು ಕಾಣುವುದೇ ಇಲ್ಲ.

“ಟೀಚರ್, ನಾಲ್ಕು ಸಿಗುದೇ ಇಲ್ಲ” ಎಂದಳು. “ಸಾಲಾಗಿ ಯಾವ ನಾಲ್ಕು ಸಂಖ್ಯೆ ತೆಗೊಂಡ್ರೂ ಅದರಲ್ಲಿ ಒಂದನ್ನು ನಾಲ್ಕು ಭಾಗಿಸ್ತದೆ. ನಾಲ್ಕು ಅಂದ್ರೆ ಎರಡು, ಎರಡು. ಎರಡು ಎರಡು ಸಲ ಬಂತು. ಅಲ್ಲಿಗೆ ಮದುವೆ ಕ್ಯಾನ್ಸಲ್.”

ಅಷ್ಟೇ. ಇನ್ನು ಯಾರೂ ಅದಕ್ಕೆ ಒಂದಕ್ಷರ ಸೇರಿಸುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ನನಗೆ ದಿನಗಟ್ಟಲೆ ಹಿಡಿದದ್ದು ಅವಳಿಗೆ ಒಂದು ಪೀರಿಯಡ್ಡಿನಲ್ಲಿ ಆಗಿತ್ತು. ಖುಷಿಯನ್ನು ತೋರಿಸಿಕೊಳ್ಳದೆ, “ಕೂತ್ಕೋ, ಹೆಚ್ಚು ಉಷಾರಾಗ್ಬೇಡ” ಎಂದೆ. ಹೊಗಳಿದರೆ ದೃಷ್ಟಿಯಾಗುತ್ತದೆ ಎಂಬ ಹಳೆಯ ಹೆದರಿಕೆ ನನ್ನನ್ನೂ ಬಿಟ್ಟಿಲ್ಲ.

ಹತ್ತನೆಯದು ಮುಗಿದಾಗ ಪ್ರಶ್ನೆ ಎದ್ದಿತು. ಅವಳಿಗೆ ಗಣಿತ ಓದಬೇಕು. ಹತ್ತಿರದ ಕಾಲೇಜಿನಲ್ಲಿ ಪಿಯುಸಿಗೆ ಕಾಮರ್ಸ್ ಇತ್ತು, ಆರ್ಟ್ಸ್ ಇತ್ತು, ಗಣಿತವಿರುವ ವಿಜ್ಞಾನ ಇರಲಿಲ್ಲ. ಮೂಡುಬಿದಿರೆಯ ಒಂದು ದೊಡ್ಡ ಖಾಸಗಿ ಕಾಲೇಜು ಪ್ರವೇಶ ಪರೀಕ್ಷೆ ನಡೆಸಿ ಮೇಲೆ ಬಂದ ಕೆಲವು ಮಕ್ಕಳಿಗೆ ಫೀಸಿಲ್ಲದೆ ಸೀಟು ಕೊಡುತ್ತಿತ್ತು. ಉಮ್ಮ ನನ್ನೆದುರು ಖಡಾಖಂಡಿತವಾಗಿ ಹೇಳಿದ್ದರು: “ಟೀಚರೇ, ಆ ಸೀಟು ಸಿಕ್ಕಿದ್ರೆ ಅವಳು ಬೇಕಾದ್ದು ಓದಲಿ. ಸಿಗದಿದ್ರೆ ಕಾಮರ್ಸಿಗೆ ಹೋಗಲಿ. ಫೀಸು ಕೊಟ್ಟು ಓದಿಸುವ ತಾಕತ್ತು ನಮಗೆ ಇಲ್ಲ.” ನ್ಯಾಯವಾದ ಮಾತು. ಆ ಹುಡುಗಿಯ ಗಣಿತ ಒಂದು ಪರೀಕ್ಷೆಯ ಮೇಲೆ ನಿಂತಿತು.

ಪರೀಕ್ಷೆ ಬರೆದು ಬಂದ ಅವಳ ಕೈಯಲ್ಲಿದ್ದ ಪ್ರಶ್ನೆಪತ್ರಿಕೆ ನೋಡಿ ನಾನು ಬಸ್ ಸ್ಟ್ಯಾಂಡಿನಲ್ಲೇ ನಕ್ಕುಬಿಟ್ಟೆ. ಬೆಳ್ತಂಗಡಿಯ ಆ ಲೆಕ್ಕ ಅಲ್ಲಿ ಕೂತಿತ್ತು! ಅಂಥ ಸಾಲು ಹೆಚ್ಚೆಂದರೆ ಎಷ್ಟು ಉದ್ದ ಇರಬಹುದು? ಎರಡು, ಮೂರು, ನಾಲ್ಕು, ಐದು. ಸರಿಯಾದದ್ದಕ್ಕೆ ಗುರುತು ಹಾಕಿ. ವಿಚಾರಿಸಿದರೆ, ಪತ್ರಿಕೆ ತಯಾರಿಸಿದವರು ನಮ್ಮ ಅದೇ ಸರ್. ನಿವೃತ್ತರಾಗಿ ಎಷ್ಟೋ ಕಾಲವಾದ ಮೇಲೂ ಕಾಲೇಜಿನವರು ಅವರನ್ನು ಕೇಳಿ ಪತ್ರಿಕೆ ಮಾಡಿಸಿದ್ದರು. ಹುಡುಗಿ ಮೂರಕ್ಕೆ ಗುರುತು ಹಾಕಿದ್ದಳು. ಸೀಟು ಸಿಕ್ಕಿದ ಹಾಗೆಯೇ ಎಂದು ನಾವಿಬ್ಬರೂ ಕಬ್ಬಿನ ಹಾಲು ಕುಡಿದೆವು.

ಕಾಲೇಜು ಉತ್ತರಗಳನ್ನು ಪ್ರಕಟಿಸಿದಾಗ ಆ ಪ್ರಶ್ನೆಯ ಎದುರು ನಾಲ್ಕು ಎಂದಿತ್ತು. ಸೀಟಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಕೊನೆಯ ಸೀಟು ಸಿಕ್ಕಿದವರಿಗಿಂತ ಅವಳಿಗೆ ಕಡಿಮೆಯಾದದ್ದು ಅದೊಂದೇ ಮಾರ್ಕು.

ಮರುದಿನವೇ ಕಾಲೇಜಿಗೆ ಹೋದೆ. ಕುತ್ತಿಗೆಗೆ ಗುರುತಿನ ಕಾರ್ಡು ನೇತುಹಾಕಿಕೊಂಡ ಪರೀಕ್ಷೆಯ ಸಂಯೋಜಕ, ನನ್ನ ತಮ್ಮನ ಪ್ರಾಯದವನು, ಎದ್ದು ನಿಂತು ಕೈಮುಗಿದು ಕುರ್ಚಿ ಕೊಟ್ಟ. ಕುಡಿಯಲು ನೀರು ತರಿಸಿದ. ನಾನು ಕಾಗದ ತೆಗೆದು ವಿವರಿಸಿದೆ. ಅವನು ತಲೆಯಾಡಿಸುತ್ತ ಪೂರ್ತಿ ಕೇಳಿದ.

“ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತೈದು, ಮೂವತ್ತಾರು. ನಾಲ್ಕಾಯ್ತಲ್ಲ ಮೇಡಂ?” ಎಂದ. “ಮೂವತ್ತಾರರಲ್ಲೂ ಇರುದು ಎರಡು ಮತ್ತು ಮೂರು, ಎರಡೇ ಜನ.”

“ಅವರು ಎರಡೆರಡು ಸಲ ಇದ್ದಾರಲ್ಲ ಮಾರಾಯ್ರೆ! ವರ್ಗಮುಕ್ತ ಅಂತ ಪ್ರಶ್ನೆಯಲ್ಲೇ ಉಂಟು. ಮೂವತ್ತಾರು ಸ್ವತಃ ಆರರ ವರ್ಗ! ಒಂದನೇ ಕ್ಲಾಸಿನ ಮಕ್ಕಳು ರಾಗ ಹಾಕಿ ಹೇಳ್ತಾರೆ.”

ಅವನ ಮುಖದಲ್ಲಿ ಬೆಳಕು ಹೊತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಅರ್ಥವಾಯಿತು ಅವನಿಗೆ. ಅರ್ಥವಾದ ಕೂಡಲೇ ಬಾಗಿಲು ನೋಡಿ ಸ್ವರ ತಗ್ಗಿಸಿದ.

“ಆದರೆ ಮೇಡಂ, ಇದು ಸರ್ ಮಾಡಿದ ಪೇಪರ್. ಅಷ್ಟು ದೊಡ್ಡವರ ಉತ್ತರ ತಪ್ಪು ಅಂತ ನಾವು ಹೇಗೆ ಹೇಳುದು? ಅದೂ ಬರುವ ವಾರ ಇಲ್ಲೇ ಅವರಿಗೆ ಸನ್ಮಾನ ಉಂಟು. ಆಮಂತ್ರಣ ಹಂಚಿ ಆಗಿದೆ. ಈಗ ಈ ಸುದ್ದಿ ಎತ್ತಿದರೆ ಅವರಿಗೆ ಬೇಜಾರಾಗುದಿಲ್ವಾ? ಒಂದು ಮಾರ್ಕಿನ ವಿಷಯ. ಸ್ವಲ್ಪ ಹೊಂದಿಸಿಕೊಳ್ಳಿ.”

ನಮ್ಮ ಜಿಲ್ಲೆಯ ಸನ್ಮಾನ ಗೊತ್ತಲ್ಲ? ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಸನ್ಮಾನಪತ್ರ ಓದುವಷ್ಟರಲ್ಲಿ ಹಿಂದಿನ ಸಾಲಿನವರಿಗೆ ಒಂದು ನಿದ್ದೆ ಆಗಿರುತ್ತದೆ. ಬದುಕಿದ್ದವರನ್ನು ಹೀಗೆ ಕೂರಿಸಿ ಹೂವಿನಲ್ಲಿ ಮುಚ್ಚುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಒಬ್ಬ ಮನುಷ್ಯನಿಗೆ ಹಾರ ಹಾಕಲು ಇಷ್ಟು ಜನ ಓಡಿ ಬರುತ್ತಾರೆ. ‘ಸರ್, ಇದೊಂದು ಸರಿಯಾ ನೋಡಿ’ ಎಂದು ಕೇಳಲು ಒಂದು ನರಪಿಳ್ಳೆ ಇಲ್ಲ. ನಾನು ನೀರು ಮುಟ್ಟದೆ ಎದ್ದು ಬಂದೆ.

ಮನೆಯಲ್ಲಿ ಗಂಡ, “ಬಿಡು ಮಾರಾಯ್ತಿ, ಒಂದು ಮಾರ್ಕಿಗೆ ಯಾಕೆ ಇಷ್ಟು ರಂಪ?” ಎಂದರು. ಅವತ್ತು ಅವರ ಸಾರಿಗೆ ಉಪ್ಪು ಹಾಕಲಿಲ್ಲ. ಮರೆತು ಅಲ್ಲ, ಬೇಕೆಂದೇ.

ಇಷ್ಟಾದರೂ ನಾನು ಸರ್ ಮನೆಗೆ ಹೋಗುವ ಧೈರ್ಯ ಮಾಡಿರಲಿಲ್ಲ. ಅವರಿಗೆ ತಪ್ಪಾಗಿದೆ ಎಂದು ಅವರ ಶಿಷ್ಯೆ ಯಾವ ಬಾಯಿಯಿಂದ ಹೇಳುವುದು? ಆದರೆ ಆ ವಾರವೇ ಹುಡುಗಿ ಮೂಡುಬಿದಿರೆಯ ಬಸ್ ಸ್ಟ್ಯಾಂಡಿಗೆ ನನ್ನನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಅಂಕಿ ತುಂಬಿದ ಹಾಳೆಗಳು. ಕಣ್ಣು ಕೆಂಪಗಾಗಿತ್ತು.

“ಟೀಚರ್, ನಾನು ಸಾವಿರ ದಾಟಿದೆ” ಎಂದಳು. “ಸಾವಿರದ ಮುನ್ನೂರ ಒಂಬತ್ತು, ಹತ್ತು, ಹನ್ನೊಂದು. ಮೂರರಲ್ಲೂ ಮೂರು ಮೂರು ಜನ. ನಾಲ್ಕನೆಯದ್ದು ಮಾತ್ರ ಸಿಗುದಿಲ್ಲ. ಇನ್ನೂ ಮುಂದೆ ಎಲ್ಲಿಯಾದ್ರೂ ಇರಬಹುದಾ? ಅಷ್ಟು ದೊಡ್ಡವರು ಹೇಳಿದ ಮೇಲೆ ಇರ್ಲೇಬೇಕಲ್ವಾ? ನನ್ನದೇ ತಪ್ಪಾ?”

ನನಗೆ ಸಿಟ್ಟು ನೆತ್ತಿಗೇರಿದ್ದು ಆಗ. ಸೀಟು ಹೋದದ್ದು ಒಂದು. ಇದು ಬೇರೆ. ಒಂದು ಪೀರಿಯಡ್ಡಿನಲ್ಲಿ ಎದ್ದು ನಿಂತು ‘ಸಿಗುದೇ ಇಲ್ಲ’ ಎಂದು ಕಾರಣ ಸಮೇತ ಹೇಳಿದ್ದ ಹುಡುಗಿ, ಜಗತ್ತಿನಲ್ಲಿ ಇಲ್ಲದ ವಸ್ತುವನ್ನು ಹುಡುಕುತ್ತ ಕೂತಿದ್ದಾಳೆ! ಯಾಕೆ? ದೊಡ್ಡವರು ಹೇಳಿದ್ದಾರೆ ಎಂದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಗೆ ಅವಳನ್ನೂ ಸೇರಿಸಿಬಿಟ್ಟಿದ್ದರು. ಬಸ್ ಸ್ಟ್ಯಾಂಡ್ ಎಂಬುದನ್ನೂ ಮರೆತು ನಾನು ಬೊಬ್ಬೆ ಹಾಕಿದೆ: “ನಿನ್ನದು ತಪ್ಪಲ್ಲ! ಇನ್ನೊಂದು ಸಲ ಹಾಗೆ ಕೇಳಿದ್ರೆ ಜಾಗ್ರತೆ!” ಪಕ್ಕದಲ್ಲಿ ನಿಂತಿದ್ದ ಕಂಡಕ್ಟರ್ ಬೆಚ್ಚಿಬಿದ್ದ. ಹುಡುಗಿ ಅತ್ತಳು. ನಾನು ಅವಳನ್ನು ಶಿರ್ತಾಡಿಯ ಬಸ್ಸಿಗೆ ಹತ್ತಿಸಿ, ಅಲ್ಲಿಂದಲೇ ಪೊಳಲಿಗೆ ಹೊರಟೆ.

ಸರ್ ಈಗ ಇರುವುದು ಪೊಳಲಿಯಲ್ಲಿ, ದೇವಸ್ಥಾನದಿಂದ ಸ್ವಲ್ಪ ಆಚೆ, ಹೊಳೆಯ ಬದಿಗೆ. ಅವರ ಹೆಂಡತಿ ಬೆಲ್ಲ ನೀರು ತಂದಿಟ್ಟರು. ಸರ್ ಓದುತ್ತಿದ್ದ ದಿನಪತ್ರಿಕೆ ಮಡಚಿ ನನ್ನನ್ನೇ ನೋಡುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ನಯವಾದ ಮಾತು ಒಂದೂ ಬಾಯಿಗೆ ಬರಲಿಲ್ಲ. “ಸರ್, ನಿಮ್ಮ ಆ ಬರಿಯ ಮದುವೆಯ ಲೆಕ್ಕ. ನೀವು ಅದಕ್ಕೆ ನಾಲ್ಕು ಅಂತ ಕೊಟ್ಟಿದ್ದೀರಿ” ಎಂದೆ.

“ನಾನಾ?” ಸರ್ ನೆಟ್ಟಗೆ ಕೂತರು. “ಅರವತ್ತಕ್ಕೆ ಅರಳುಮರಳು ಅಂತಾರೆ. ನನಗೆ ಎಂಬತ್ತಾಗ್ತಾ ಬಂತು, ಆದರೂ ಮೂವತ್ತಾರನ್ನು ಮದುವೆಗೆ ಕರೆಯುವಷ್ಟು ಆಗಲಿಲ್ಲ ಮಾರಾಯ್ತಿ. ನಾನು ಬರೆದದ್ದು ಮೂರು.”

ಅಲ್ಲಿಯೇ ಸಂಯೋಜಕನಿಗೆ ಫೋನ್ ಮಾಡಿದರು. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್ ಹಾಕಿದ್ದರು. ಎಲ್ಲ ನನಗೂ ಕೇಳಿಸಿತು.

“ಸರ್, ನಮಸ್ಕಾರ ಸರ್. ಹೌದು ಸರ್, ನೀವು ಬರೆದದ್ದು ಮೂರೇ. ಇಲ್ಲಿ ನಾವು ನೋಡುವಾಗ ಮೂವತ್ತಾರೂ ಸೇರ್ತದೆ ಅಂತ ಕಂಡಿತು ಸರ್. ನಿಮ್ಮಿಂದ ಏನೋ ತಪ್ಪಿಹೋಗಿದೆ, ನಿಮ್ಮ ಹೆಸರಿಗೆ ಕುಂದು ಬರಬಾರದು ಅಂತ ನಾವೇ ನಾಲ್ಕು ಮಾಡಿದೆವು. ನಿಮ್ಮ ಹತ್ತಿರ ಕೇಳಿದರೆ ನಿಮಗೆ ಬೇಜಾರಾಗಬಹುದು ಅಂತ ಕೇಳಲಿಲ್ಲ, ಅಷ್ಟೇ ಸರ್.”

ಇದನ್ನು ಬೇರೆ ಯಾವ ಊರಿನವರೂ ಮಾಡಲಿಕ್ಕಿಲ್ಲ. ಸರಿಯಿದ್ದ ಉತ್ತರವನ್ನು ಗೌರವದಿಂದ ತಪ್ಪು ಮಾಡಿದ್ದಾರೆ. ಆಮೇಲೆ ನಾನು ಹೋಗಿ ಕೇಳಿದಾಗ, ತಾವೇ ಹಾಕಿದ ತಪ್ಪನ್ನು ಅವರ ಹೆಸರಿಗೆ ಕಟ್ಟಿ, ಅವರ ಬೇಜಾರಿನ ಹಿಂದೆ ಅಡಗಿ ಕೂತಿದ್ದಾರೆ. ಮರ್ಯಾದೆಯಂತೆ, ಮಣ್ಣಂಗಟ್ಟಿ! ಒಂದು ಫೋನ್ ಮಾಡಿ ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಸರ್ ಬೈಯಲಿಲ್ಲ. ಫೋನ್ ಕೆಳಗಿಟ್ಟು, “ಆ ಹುಡುಗಿ ಏನು ಬರೆದಿದ್ದಾಳೆ?” ಎಂದು ನನ್ನನ್ನು ಕೇಳಿದರು.

“ಮೂರು, ಸರ್.”

“ಹಾಗಾದರೆ ಆ ಪರೀಕ್ಷೆಯಲ್ಲಿ ಒಂದು ಮಾರ್ಕು ನನಗೂ ಹೋಗಿದೆ” ಎಂದರು. ಮತ್ತೆ ಫೋನ್ ಎತ್ತಿ, ಅವಳ ಸೀಟು ಅವಳಿಗೆ ಸಿಗದೆ ತಾನು ವೇದಿಕೆ ಹತ್ತುವುದಿಲ್ಲ ಎಂದರು.

ಸೀಟು ಸಿಕ್ಕಿತು. ಬೇರೆ ಮಗುವಿನದ್ದನ್ನು ಕಿತ್ತುಕೊಳ್ಳಲಿಲ್ಲ, ಹೊಸದಾಗಿ ಒಂದು ಕೊಟ್ಟರು. ಆಮಂತ್ರಣ ಹಂಚಿ ಆಗಿತ್ತಲ್ಲ, ಸನ್ಮಾನಿತರಿಲ್ಲದೆ ಸನ್ಮಾನ ಮಾಡುವುದು ಹೇಗೆ? ಆದರೆ ಅಷ್ಟಕ್ಕೇ ಸುಮ್ಮನಿರಬೇಕಲ್ಲ. ಸೀಟಿನ ಪತ್ರವನ್ನು ಅದೇ ಸಭೆಯಲ್ಲಿ, ಅದೇ ವೇದಿಕೆಯಲ್ಲಿ ಕೊಡುತ್ತಾರಂತೆ.

ಸಭೆಯ ದಿನ ನಾನು, ಉಮ್ಮ, ಹುಡುಗಿ ಮೂರನೇ ಸಾಲಿನಲ್ಲಿ ಕೂತಿದ್ದೆವು. ಸರ್ ಶಾಲು, ಪೇಟ, ಹಾರದೊಳಗೆ ಮುಳುಗಿದ್ದರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಜಾರಿತ್ತು. ಸಂಯೋಜಕನೇ ನಿರೂಪಕ. ಮೈಕಿನಲ್ಲಿ ಜೇನು ಸುರಿಸಿದ: “ಪೂಜ್ಯ ಗುರುಗಳ ಗೌರವಾರ್ಥ, ನಮ್ಮ ಸಂಸ್ಥೆಯು ಗ್ರಾಮೀಣ ಭಾಗದ ಬಡ ಪ್ರತಿಭೆಯೊಂದಕ್ಕೆ ಮಾನವೀಯ ನೆಲೆಯಲ್ಲಿ ಉಚಿತ ಶಿಕ್ಷಣವನ್ನು ಉದಾರವಾಗಿ ನೀಡುತ್ತಿದೆ.”

ಮಾನವೀಯ ನೆಲೆಯಂತೆ! ಕಿಸೆಯಿಂದ ಕದ್ದದ್ದನ್ನು ತಿರುಗಿ ಕೊಡುವಾಗ ಚಪ್ಪಾಳೆ ಬೇರೆ. ನಾನು ಏಳಲು ಹೊರಟೆ. ಉಮ್ಮ ನನ್ನ ಸೆರಗು ಹಿಡಿದು ಕೂರಿಸಿದರು. “ಬೇಡ ಟೀಚರೇ, ಸಿಕ್ಕಿತಲ್ಲ, ಸಾಕು” ಎಂದರು. ಮಗಳಿಗೆ, “ಹೋಗು, ಥ್ಯಾಂಕ್ಸ್ ಹೇಳಿ ಬಾ” ಎಂದರು.

ಹುಡುಗಿ ಹೋದಳು. ಪತ್ರ ತೆಗೆದುಕೊಂಡಳು. ಫೋಟೋದವನು ಹೇಳಿದ ಕಡೆಗೆ ಮುಖ ಮಾಡಿದಳು. ಸಂಯೋಜಕ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು, “ಎರಡು ಮಾತು” ಎಂದ.

“ಥ್ಯಾಂಕ್ಸ್” ಎಂದಳು. ಆಮೇಲೆ, “ಮೂವತ್ತಾರರಲ್ಲಿ ಎರಡು ಎರಡು ಸಲ ಉಂಟು. ಮೂರೂ ಎರಡು ಸಲ ಉಂಟು. ಉತ್ತರ ಮೂರು. ನಾನು ಪರೀಕ್ಷೆಯಲ್ಲಿ ಅದನ್ನೇ ಬರೆದದ್ದು” ಎಂದಳು.

ಸಭೆಗೆ ತಲೆಬುಡ ಅರ್ಥವಾಗಲಿಲ್ಲ. ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ಹೊಡೆದು ನಿಲ್ಲಿಸಿದರು. ಸಂಯೋಜಕ ಮೈಕ್ ಹಿಂದಕ್ಕೆ ಎಳೆಯುವುದರೊಳಗೆ ಸರ್ ಪೇಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಕ್ಲಾಸಿನಲ್ಲಿ ಕೇಳುವ ಸ್ವರದಲ್ಲೇ ಕೇಳಿದರು: “ಇನ್ನೂ ಮುಂದೆ ಎಲ್ಲಿಯಾದರೂ ನಾಲ್ಕು ಸಿಕ್ಕಿದರೆ?”

“ಸಿಗುದೇ ಇಲ್ಲ ಸರ್.”

“ಆಯ್ತು. ಹೋಗಿ ಕೂತ್ಕೋ” ಎಂದರು ಸರ್.

ಧನ್ಯವಾದ ಸಮರ್ಪಣೆಯಲ್ಲಿ ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ, ಊಟ ಬಡಿಸುವವರಿಗೆ, ಬಂದವರಿಗೆ, ಬಾರದವರಿಗೆ ಎಲ್ಲರಿಗೂ ಕೃತಜ್ಞತೆ ಸಂದಿತು. ಉತ್ತರ ತಪ್ಪಾಗಿತ್ತು ಎಂಬ ಒಂದು ಸಾಲು ಯಾರ ಬಾಯಿಂದಲೂ ಬರಲಿಲ್ಲ. ನಾನು ಊಟ ಮಾಡದೆ ಬಂದೆ. ಹೊಟ್ಟೆ ಹಸಿದಿತ್ತು, ಆದರೂ ಬಂದೆ.

ಹುಡುಗಿ ಈಗ ಅದೇ ಕಾಲೇಜಿನಲ್ಲಿ ಎರಡನೇ ಪಿಯುಸಿ. ಒಂದೊಂದು ದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾಳೆ. ಮೊನ್ನೆ ಸಿಕ್ಕಿದಾಗ ಬ್ಯಾಗಿನಿಂದ ಒಂದು ಪತ್ರಿಕೆ ತೆಗೆದು ತೋರಿಸಿದಳು. ಕಾಲೇಜಿನವರು ಹಳೆಯ ಪ್ರಶ್ನೆಗಳನ್ನೆಲ್ಲ ಒಟ್ಟು ಮಾಡಿ ಮಕ್ಕಳಿಗೆ ಕಿರುಪರೀಕ್ಷೆ ಕೊಟ್ಟಿದ್ದರಂತೆ. ಅದರಲ್ಲಿ ನಮ್ಮ ಪ್ರಶ್ನೆಯೂ ಇತ್ತು. ಅವಳು ಹಾಕಿದ ಗುರುತಿನ ಮೇಲೆ ಕೆಂಪು ಶಾಯಿಯ ಗೀಟು. ಸರಿಯುತ್ತರ ನಾಲ್ಕು ಎಂದು ಬದಿಯಲ್ಲಿ ಬರೆದಿತ್ತು.

“ಈ ಸಲವೂ ಮೂರೇ ಹಾಕಿದೆ ಟೀಚರ್. ಈ ಸಲವೂ ಮಾರ್ಕು ಹೋಯ್ತು” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. “ಕ್ಲಾಸಿನಲ್ಲಿ ಉಳಿದವರು ಎಂತ ಹಾಕಿದ್ರು?” ಎಂದು ಕೇಳಿದೆ.

“ನಾಲ್ಕು, ಕಾಲೇಜಿನ ಉತ್ತರದಲ್ಲಿ ಅದೇ ಉಂಟಲ್ಲ” ಎಂದಳು. “ಎಲ್ಲರಿಗೂ ಗೊತ್ತುಂಟು ಟೀಚರ್, ಮೂರು ಅಂತ. ನಾನೇ ಹೇಳಿಕೊಟ್ಟಿದ್ದೇನೆ.”